ಒಂದೇ ಬೆಳಕಿನಲ್ಲಿ ಕಂಡದ್ದು ಪೂರ್ತಿಯಲ್ಲ



ನಿಮ್ಮಲ್ಲಿ ಅನೇಕರ ಮೊಬೈಲಿಗೆ ಒಂದು ಚಿತ್ರ ಬಂದಿರಬಹುದು. ನಡುವೆ ನೀಲಿ ಪಾಪೆ, ಸುತ್ತಲೂ ಕೆಂಪು ರೆಪ್ಪೆ. ಕೆಳಗೆ ಬರಹ: 'ಇದು ದೇವರ ಕಣ್ಣು, ಹತ್ತು ಜನರಿಗೆ ಕಳುಹಿಸಿ.' ಈ-ಮೇಲ್ ಕಾಲದಿಂದಲೂ ಸುತ್ತುತ್ತಿರುವ ಚಿತ್ರ ಅದು. ನಿಜವಾಗಿ ಅದು ಹೀಲಿಕ್ಸ್ ನೆಬ್ಯುಲಾ. ಆಯುಸ್ಸು ಮುಗಿಯುತ್ತಿರುವ ಒಂದು ನಕ್ಷತ್ರ ತನ್ನ ಸುತ್ತ ಚೆಲ್ಲಿರುವ ಅನಿಲದ ಪೊರೆ. ಅದನ್ನು ಕಣ್ಣು ಎಂದು ಕರೆದವರು ನಾವು.

ಇದಕ್ಕೆ ಎದುರಾದ ಇನ್ನೊಂದು ಮಾತೂ ಇದೆ. 'ಈ ಆಕಾಶದ ಚಿತ್ರಗಳೆಲ್ಲಾ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿದವು, ನಂಬಬೇಡಿ' ಎನ್ನುವುದು. ಧರ್ಮೋಪದೇಶದ ತರಗತಿ ಮುಗಿದ ಮೇಲೆ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ಫಾದರ್, ಬಣ್ಣ ಹಚ್ಚಿದ್ದು ಅಂದರೆ ಚಿತ್ರ ಸುಳ್ಳು. ಚಿತ್ರ ಸುಳ್ಳಾದರೆ ಅವರು ಹೇಳುವುದೂ ಸುಳ್ಳೇ ಅಲ್ಲವಾ?"

ಪ್ರಶ್ನೆ ಸಣ್ಣದಲ್ಲ. ಒಂದು ವಸ್ತುವನ್ನು, ಒಬ್ಬ ಮನುಷ್ಯನನ್ನು ನಾವು 'ನೋಡಿದ್ದೇವೆ' ಎಂದು ಯಾವಾಗ ಹೇಳಬಹುದು ಎನ್ನುವ ಪ್ರಶ್ನೆಯೇ ಅದರೊಳಗಿದೆ. ಆದ್ದರಿಂದ ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇನೆ. ಮೊದಲು ಆಕಾಶದ ಮಾತು, ಆಮೇಲೆ ನಮ್ಮ ಮನೆಯ ಮಾತು.

ಹಾರ್ಮೋನಿಯಂನ ಒಂದೇ ಸ್ಥಾಯಿ

ಮಳೆಬಿಲ್ಲಿನಲ್ಲಿ ಏಳು ಬಣ್ಣ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ನೇರಳೆಯಿಂದ ಕೆಂಪಿನವರೆಗೆ. ಬೆಳಕು ಅಷ್ಟಕ್ಕೇ ಮುಗಿಯಿತು ಎಂದು ಮನುಷ್ಯ ಬಹಳ ಕಾಲ ನಂಬಿದ್ದ. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಒಂದು ಸರಳ ಪ್ರಯೋಗ ಮಾಡಿದರು. ಇವರು ಮೊದಲು ಬಾತ್ ಪಟ್ಟಣದ ಪ್ರಾರ್ಥನಾಲಯವೊಂದರಲ್ಲಿ ಆರ್ಗನ್ ನುಡಿಸುತ್ತಿದ್ದವರು. ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಪ್ರತಿಯೊಂದು ಬಣ್ಣದಲ್ಲೂ ಒಂದು ಥರ್ಮಾಮೀಟರ್ ಇಟ್ಟು ಬಿಸಿ ಅಳೆದರು. ಕೆಂಪು ಮುಗಿದ ಮೇಲೆ, ಏನೂ ಕಾಣದ ಕತ್ತಲ ಜಾಗದಲ್ಲೂ ಒಂದು ಥರ್ಮಾಮೀಟರ್ ಇಟ್ಟರು. ಅಲ್ಲಿ ಪಾದರಸ ಇನ್ನೂ ಮೇಲೆ ಏರಿತು! ಕಣ್ಣಿಗೆ ಕಾಣದ ಬೆಳಕೊಂದು ಅಲ್ಲಿ ಬೀಳುತ್ತಿತ್ತು. ಅದೇ ಅವಕೆಂಪು ಕಿರಣ. ಮರುವರ್ಷವೇ, 1801ರಲ್ಲಿ, ಜರ್ಮನಿಯ ಯೋಹಾನ್ ರಿಟ್ಟರ್ ನೇರಳೆಯ ಆಚೆಗೂ ಕಾಣದ ಬೆಳಕಿದೆ ಎಂದು ತೋರಿಸಿದರು. ಅದು ನೇರಳಾತೀತ ಕಿರಣ.

ನಮ್ಮ ಗಾಯನವೃಂದದ ಹಾರ್ಮೋನಿಯಂ ನೆನೆಸಿಕೊಳ್ಳಿ. ಅದರಲ್ಲಿ ಮೂರು ಸ್ಥಾಯಿಗಳಿವೆ. ಬೆಳಕನ್ನು ಒಂದು ಹಾರ್ಮೋನಿಯಂ ಎಂದುಕೊಂಡರೆ, ರೇಡಿಯೋ ಅಲೆಯಿಂದ ಹಿಡಿದು ಅವಕೆಂಪು, ಕಾಣುವ ಬೆಳಕು, ನೇರಳಾತೀತ, ಎಕ್ಸ್-ರೇ, ಗಾಮಾ ಕಿರಣದವರೆಗೆ ವಿಜ್ಞಾನಿಗಳು ನಲವತ್ತಕ್ಕೂ ಹೆಚ್ಚು ಸ್ಥಾಯಿಗಳನ್ನು ಕೇಳುತ್ತಾರೆ. ನಮ್ಮ ಕಣ್ಣಿಗೆ ಸಿಗುವುದು ಒಂದೇ ಒಂದು ಸ್ಥಾಯಿ, ಅದೂ ಪೂರ್ತಿಯಲ್ಲ. ಮಿಕ್ಕ ಸಂಗೀತ ನಡೆಯುತ್ತಲೇ ಇದೆ. ನಮಗೆ ಕೇಳುವುದಿಲ್ಲ, ಅಷ್ಟೇ.

ಇವೆಲ್ಲವೂ ಒಂದೇ ಜಾತಿಯ ಅಲೆಗಳು. ಅಲೆಯ ಉದ್ದ ಮಾತ್ರ ಬೇರೆ. ರೇಡಿಯೋ ಅಲೆ ಮೊಳದುದ್ದ, ಮಾರುದ್ದ ಇರಬಹುದು. ಎಕ್ಸ್-ರೇ ಅಲೆಯಾದರೋ ಒಂದು ಪರಮಾಣುವಿನಷ್ಟು ಚಿಕ್ಕದು. ಮುಖ್ಯವಾದ ಮಾತು ಇದು: ತಣ್ಣಗಿನ ವಸ್ತು ಉದ್ದ ಅಲೆಯಲ್ಲಿ ಮಾತಾಡುತ್ತದೆ, ಬಿಸಿಯಾದದ್ದು ಚಿಕ್ಕ ಅಲೆಯಲ್ಲಿ. ತಣ್ಣನೆಯ ಧೂಳು ಅವಕೆಂಪಿನಲ್ಲಿ ಹೊಳೆಯುತ್ತದೆ. ಲಕ್ಷಾಂತರ ಡಿಗ್ರಿ ಕುದಿಯುವ ಅನಿಲ ಎಕ್ಸ್-ರೇಯಲ್ಲಿ ಹೊಳೆಯುತ್ತದೆ. ಹಾಗಾಗಿ ಯಾವ ಬೆಳಕಿನಲ್ಲಿ ನೋಡುತ್ತೀರಿ ಎನ್ನುವುದರ ಮೇಲೆ ಏನು ಕಾಣುತ್ತದೆ ಎನ್ನುವುದು ನಿಂತಿದೆ.

ನಮ್ಮ ಬೆಟ್ಟದ ಮೇಲಿನ ಕಿವಿ

ಆಕಾಶದ ಎಲ್ಲ ಬೆಳಕೂ ನೆಲಕ್ಕೆ ಇಳಿಯುವುದಿಲ್ಲ. ನಮ್ಮ ವಾಯುಮಂಡಲ ಒಂದು ಪರದೆಯಂತೆ. ಎಕ್ಸ್-ರೇ, ಗಾಮಾ, ನೇರಳಾತೀತದ ಹೆಚ್ಚು ಭಾಗ, ಅವಕೆಂಪಿನ ಬಹುಪಾಲನ್ನು ಅದು ತಡೆಯುತ್ತದೆ. ಜೀವ ಉಳಿಯಲು ಆ ತಡೆ ಬೇಕು. ಕಾಣುವ ಬೆಳಕಿಗೂ ರೇಡಿಯೋ ಅಲೆಗೂ ಮಾತ್ರ ಅಗಲವಾದ ಕಿಟಕಿ ತೆರೆದಿದೆ.

ಆ ರೇಡಿಯೋ ಕಿಟಕಿಯಲ್ಲಿ ಕಿವಿ ಇಟ್ಟು ಕೇಳುವ ಒಂದು ಯಂತ್ರ ನಮ್ಮ ನೀಲಗಿರಿಯಲ್ಲೇ ಇದೆ. ಊಟಿಯ ಹತ್ತಿರ ಮುತ್ತೊರೈಯಲ್ಲಿ, ಆಲೂಗೆಡ್ಡೆ ಹೊಲಗಳ ಆಚೆ, ಗುಡ್ಡದ ಇಳಿಜಾರಿನಲ್ಲಿ ಉದ್ದಕ್ಕೆ ಮಲಗಿರುವ ಕಬ್ಬಿಣದ ಚೌಕಟ್ಟುಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ 1970ರಲ್ಲಿ ಸಿದ್ಧವಾದ ರೇಡಿಯೋ ದೂರದರ್ಶಕ ಅದು. ಉದ್ದ 530 ಮೀಟರ್, ಅಗಲ 30 ಮೀಟರ್. ಕನ್ನಡಿಯ ಬದಲಿಗೆ 1100 ಸಣ್ಣ ಉಕ್ಕಿನ ತಂತಿಗಳು.

ಬೆಟ್ಟದ ಮೇಲೇ ಏಕೆ ಕಟ್ಟಿದರು? ಊಟಿ ಭೂಮಧ್ಯರೇಖೆಯಿಂದ ಸುಮಾರು 11 ಡಿಗ್ರಿ ಉತ್ತರಕ್ಕಿದೆ. ದಕ್ಷಿಣೋತ್ತರವಾಗಿ ಸುಮಾರು 11 ಡಿಗ್ರಿ ಏರುವ ಇಳಿಜಾರನ್ನೇ ಹುಡುಕಿ ಅದರ ಮೇಲೆ ಇದನ್ನು ಮಲಗಿಸಿದರು. ಹಾಗೆ ಮಲಗಿಸಿದರೆ ಅದು ಭೂಮಿ ತಿರುಗುವ ಅಕ್ಷಕ್ಕೆ ಸಮಾನಾಂತರವಾಗುತ್ತದೆ. ಆಗ ಒಂದೇ ದಿಕ್ಕಿಗೆ ನಿಧಾನವಾಗಿ ಹೊರಳಿಸುತ್ತಾ ಹೋದರೆ ಸಾಕು, ಆಕಾಶದ ಒಂದು ಬಿಂದುವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಬೆಟ್ಟವೇ ಯಂತ್ರದ ಅರ್ಧ ಕೆಲಸ ಮಾಡಿತು.

ಮೊದಲ ವರ್ಷಗಳಲ್ಲಿ ಇಲ್ಲಿ ಚಂದ್ರನನ್ನು ಪರದೆಯಂತೆ ಬಳಸಿಕೊಂಡರು. ಚಂದ್ರ ಸಾಗುತ್ತಾ ದೂರದ ಒಂದು ರೇಡಿಯೋ ಮೂಲವನ್ನು ಮರೆಮಾಡಿದಾಗ ಸದ್ದು ಹೇಗೆ ನಿಲ್ಲುತ್ತದೆ, ಯಾವ ಗಳಿಗೆಯಲ್ಲಿ ನಿಲ್ಲುತ್ತದೆ ಎಂದು ಗಮನಿಸಿ ಅದರ ಜಾಗವನ್ನೂ ಆಕಾರವನ್ನೂ ಲೆಕ್ಕ ಹಾಕಿದರು. ಹೀಗೆ ನೂರಾರು ಮೂಲಗಳನ್ನು ಅಳೆದರು. ಅವುಗಳಲ್ಲಿ ಹೆಚ್ಚಿನವು ಬಹುದೂರದ ಗೆಲಾಕ್ಸಿಗಳು, ಅಂದರೆ ಕೋಟ್ಯಂತರ ನಕ್ಷತ್ರಗಳ ಕುಟುಂಬಗಳು. ವಿಶ್ವ ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ ಎನ್ನುವ ವಾದಕ್ಕೆ ಈ ಅಳತೆಗಳು 1975ರಲ್ಲಿ ಬಲ ಕೊಟ್ಟವು. ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿ 45 ಮೀಟರ್ ಅಗಲದ 30 ಬಟ್ಟಲುಗಳಿರುವ ಇನ್ನೂ ದೊಡ್ಡ ದೂರದರ್ಶಕವನ್ನು ಕಟ್ಟಿದವರೂ ಇದೇ ಸ್ವರೂಪ್ ಅವರ ತಂಡವೇ.

ಪರದೆ ತಡೆಯುವ ಬೆಳಕನ್ನು ನೋಡಬೇಕಾದರೆ ಪರದೆಯ ಆಚೆ ಹೋಗಬೇಕು. ಅದಕ್ಕಾಗಿ ಉಪಗ್ರಹಗಳು. ನಮ್ಮ ದೇಶ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಹಾರಿಸಿತು. ಅದರಲ್ಲಿ ಎಕ್ಸ್-ರೇ ನೋಡುವ ಉಪಕರಣಗಳೂ ಇವೆ, ನೇರಳಾತೀತ ನೋಡುವ ದೂರದರ್ಶಕವೂ ಇದೆ. ಈ ನೇರಳಾತೀತ ದೂರದರ್ಶಕವನ್ನು ರೂಪಿಸುವುದರಲ್ಲಿ ಮುಂದಾದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅವಕೆಂಪಿಗಾಗಿ ಹಾರಿದ ಜೇಮ್ಸ್ ವೆಬ್ ದೂರದರ್ಶಕ ಹೊರಟದ್ದು 2021ರ ಡಿಸೆಂಬರ್ 25ರಂದು, ನಾವೆಲ್ಲ ಕ್ರಿಸ್ತಜಯಂತಿಯ ಸಂಭ್ರಮದಲ್ಲಿದ್ದ ದಿನ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅದು ತನ್ನ ಕೆಲಸ ಮಾಡುತ್ತಿದೆ.

ಒಂದು ಗೆಲಾಕ್ಸಿ, ಐದು ಮುಖ

ಈಗ ಒಂದೇ ಗೆಲಾಕ್ಸಿಯನ್ನು ಬೇರೆ ಬೇರೆ ಬೆಳಕಿನಲ್ಲಿ ನೋಡೋಣ. ಆಂಡ್ರೊಮಿಡಾ. ನಮ್ಮವರು ದೇವಯಾನಿ ಎಂದೂ ಕರೆಯುತ್ತಾರೆ. ನಮ್ಮ ಆಕಾಶಗಂಗೆಗೆ ಹತ್ತಿರದ ದೊಡ್ಡ ನೆರೆಮನೆ. ಹತ್ತಿರ ಎಂದರೂ ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 25 ಲಕ್ಷ ವರ್ಷ ಬೇಕು. ಕತ್ತಲೆಯ ಊರಿನಲ್ಲಿ ಬರಿಗಣ್ಣಿಗೂ ಕಾಣುತ್ತದೆ, ಮಂಜು ಉಜ್ಜಿದ ಗುರುತಿನ ಹಾಗೆ.

ಕಾಣುವ ಬೆಳಕಿನಲ್ಲಿ: ದೊಡ್ಡ ದೂರದರ್ಶಕದಲ್ಲಿ ನೋಡಿದರೆ ಓರೆಯಾಗಿಟ್ಟ ತಟ್ಟೆಯ ಹಾಗಿದೆ. ನಡುವೆ ಹಳದಿ ಉಬ್ಬು. ಅದು ವಯಸ್ಸಾದ ನಕ್ಷತ್ರಗಳ ಗುಂಪು. ತಟ್ಟೆಯಲ್ಲಿ ಕಪ್ಪು ಪಟ್ಟಿಗಳು. ಇಷ್ಟೇ ನೋಡಿದವರು ಆ ಕಪ್ಪು ಪಟ್ಟಿಯಲ್ಲಿ ಏನೂ ಇಲ್ಲ ಎಂದುಕೊಳ್ಳಬಹುದು.

ಅವಕೆಂಪಿನಲ್ಲಿ: ಚಿತ್ರ ತಲೆಕೆಳಗಾಗುತ್ತದೆ. ಕಪ್ಪಾಗಿದ್ದ ಪಟ್ಟಿಗಳೇ ಈಗ ಹೊಳೆಯುತ್ತವೆ. ಅಲ್ಲಿದ್ದದ್ದು ಧೂಳು. ಹಿಂದಿನ ಬೆಳಕನ್ನು ತಡೆದು ಕಪ್ಪಾಗಿ ಕಂಡಿತ್ತು. ತಡೆದ ಬೆಳಕಿನಿಂದಲೇ ಬೆಚ್ಚಗಾಗಿ ಈಗ ತಾನೇ ಬೆಳಗುತ್ತಿದೆ. ಹೊಸ ನಕ್ಷತ್ರಗಳು ಹುಟ್ಟುವುದು ಆ ಧೂಳಿನ ಮಡಿಲಲ್ಲೇ. 2003ರಲ್ಲಿ ಹಾರಿ 2020ರಲ್ಲಿ ಕೆಲಸ ಮುಗಿಸಿದ ಸ್ಪಿಟ್ಜರ್ ದೂರದರ್ಶಕ ಇಲ್ಲಿ ದೊಡ್ಡ ಉಂಗುರವೊಂದನ್ನು ಸ್ಪಷ್ಟವಾಗಿ ತೋರಿಸಿತು. ಒಳಗೆ ನಡುವಿನಿಂದ ಸರಿದ ಇನ್ನೊಂದು ಚಿಕ್ಕ ಉಂಗುರವನ್ನೂ ತೋರಿಸಿತು. ಹಿಂದೆಂದೋ, ಸುಮಾರು 20 ಕೋಟಿ ವರ್ಷಗಳ ಕೆಳಗೆ, ಪುಟ್ಟ ಗೆಲಾಕ್ಸಿಯೊಂದು ಇದರ ನಡುವೆ ತೂರಿಹೋದ ಗಾಯದ ಗುರುತು ಅದಿರಬೇಕು ಎಂದು ಕೆಲವು ಖಗೋಳ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮೇಲಿನ ಮುಖ ನೋಡಿದವರಿಗೆ ಆ ಗಾಯ ಗೊತ್ತೇ ಆಗುವುದಿಲ್ಲ.

ನೇರಳಾತೀತದಲ್ಲಿ: ನಡುವಿನ ಹಳದಿ ಉಬ್ಬು ಮಂಕಾಗುತ್ತದೆ. ಸುತ್ತಿನ ಬಳೆಗಳಲ್ಲಿ ಎಳೆಯ, ಬಿಸಿಯಾದ ನಕ್ಷತ್ರಗಳು ಮಾತ್ರ ಮಿನುಗುತ್ತವೆ. ಜಾತ್ರೆಯ ಗುಂಪಿನಲ್ಲಿ ಮಕ್ಕಳಷ್ಟೇ ಎದ್ದು ಕಂಡ ಹಾಗೆ. ನಮ್ಮ ಆಸ್ಟ್ರೋಸ್ಯಾಟ್ ಕೂಡ ಈ ಬೆಳಕಿನಲ್ಲಿ ಆಂಡ್ರೊಮಿಡಾವನ್ನು ನೋಡಿದೆ.

ಎಕ್ಸ್-ರೇಯಲ್ಲಿ: ತಟ್ಟೆಯೇ ಮಾಯ. ಅಲ್ಲಲ್ಲಿ ಚುಕ್ಕಿಗಳು. ಸತ್ತ ನಕ್ಷತ್ರವೊಂದು ಜೊತೆಗಾರ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುವ ಜಾಗಗಳಿವು. ಆ ಅನಿಲ ಬೀಳುತ್ತಾ ಭಯಂಕರವಾಗಿ ಕಾದು ಎಕ್ಸ್-ರೇ ಸೂಸುತ್ತದೆ. ಇವನ್ನು ತೋರಿಸಿದ ದೂರದರ್ಶಕಗಳಲ್ಲಿ ಮುಖ್ಯವಾದದ್ದು 1999ರಲ್ಲಿ ಹಾರಿದ ಚಂದ್ರ ಎಕ್ಸ್-ರೇ ದೂರದರ್ಶಕ. ಲಾಹೋರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಓದಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರೇ ಅದಕ್ಕೆ.

ರೇಡಿಯೋದಲ್ಲಿ: ಜಲಜನಕದ ಪರಮಾಣು 21 ಸೆಂಟಿಮೀಟರ್ ಉದ್ದದ ಒಂದು ಮೆಲುದನಿಯ ಅಲೆ ಸೂಸುತ್ತದೆ. ಹಾಲೆಂಡಿನ ವ್ಯಾನ್ ಡ ಹುಲ್ಸ್ಟ್ 1944ರಲ್ಲೇ ಹೀಗಿರಬೇಕೆಂದು ಹೇಳಿದ್ದರು. 1951ರಲ್ಲಿ ಅದು ಸಿಕ್ಕಿತು. ಈ ಅಲೆಯಲ್ಲಿ ನೋಡಿದರೆ ಆಂಡ್ರೊಮಿಡಾ ನಕ್ಷತ್ರಗಳ ತಟ್ಟೆ ಮುಗಿದ ಆಚೆಗೂ ಹರಡಿಕೊಂಡಿದೆ. ಕಣ್ಣು 'ಇಲ್ಲಿಗೆ ಮುಗಿಯಿತು' ಎಂದ ಕಡೆ ಅದು ಮುಗಿದಿರಲಿಲ್ಲ.

ಆಸ್ಪತ್ರೆಗೆ ಹೋದಾಗ ವೈದ್ಯರು ಏನು ಮಾಡುತ್ತಾರೆ? ಮುಖ ನೋಡುತ್ತಾರೆ, ಜ್ವರ ನೋಡುತ್ತಾರೆ, ಎಕ್ಸ್-ರೇ ತೆಗೆಸುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ. ಎಕ್ಸ್-ರೇಯಲ್ಲಿ ಮೂಳೆ ಕಂಡಿತು, ನಗು ಕಾಣಲಿಲ್ಲ ಎಂದು ಯಾರೂ ಜಗಳವಾಡುವುದಿಲ್ಲ. ಮುಖದಲ್ಲಿ ನಗು ಇದೆ, ಆದ್ದರಿಂದ ಮೂಳೆ ಮುರಿದಿಲ್ಲ ಎಂದೂ ಹೇಳುವುದಿಲ್ಲ. ಇಲ್ಲಿಯೂ ಹಾಗೆಯೇ.

ಬಣ್ಣ ಹಚ್ಚಿದ್ದು ಸುಳ್ಳೇ?

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಎಕ್ಸ್-ರೇಗೆ ನಮ್ಮ ಕಣ್ಣಿಗೆ ಗೊತ್ತಾಗುವ ಬಣ್ಣವಿಲ್ಲ. ರೇಡಿಯೋ ಅಲೆಗೂ ಇಲ್ಲ. ದೂರದರ್ಶಕ ಕೊಡುವುದು ಎಲ್ಲಿ ಎಷ್ಟು ಬೆಳಕು ಬಿತ್ತು ಎನ್ನುವ ಲೆಕ್ಕ. ಅದನ್ನು ನಮ್ಮ ಕಣ್ಣಿಗೆ ತೋರಿಸಲು ಯಾವುದಾದರೂ ಬಣ್ಣ ಕೊಡಲೇಬೇಕು. ಅದಕ್ಕೊಂದು ಕ್ರಮವಿದೆ. ಸಾಮಾನ್ಯವಾಗಿ ಉದ್ದ ಅಲೆಗೆ ಕೆಂಪು, ನಡುವಿನದಕ್ಕೆ ಹಸಿರು, ಚಿಕ್ಕ ಅಲೆಗೆ ನೀಲಿ. ವೆಬ್ ದೂರದರ್ಶಕದ ಚಿತ್ರಗಳನ್ನು ಹೀಗೆಯೇ ಮಾಡುತ್ತಾರೆ. ಇಲ್ಲದ ನಕ್ಷತ್ರವನ್ನು ತಂದು ಇಡುವುದಿಲ್ಲ, ಇದ್ದದ್ದನ್ನು ಅಳಿಸುವುದಿಲ್ಲ. ಅಲೆಗಳ ಭಾಷೆಯನ್ನು ಕಣ್ಣಿನ ಭಾಷೆಗೆ ತರುತ್ತಾರೆ.

ಗಡಿಯಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗಬೇಕು. ನಮ್ಮ ಮನೆಗೆ ಸರ್ಕಾರದ ಕಾಗದ ತಮಿಳಿನಲ್ಲಿ ಬರುತ್ತದೆ. ಕಾಸರಗೋಡಿನವರಿಗೆ ಮಲಯಾಳದಲ್ಲಿ, ಜತ್ತದವರಿಗೆ ಮರಾಠಿಯಲ್ಲಿ. ಮೊಮ್ಮಗಳು ಅದನ್ನು ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾಳೆ. ಕಾಗದದಲ್ಲಿ ಒಂದು ಕನ್ನಡ ಅಕ್ಷರವೂ ಇರಲಿಲ್ಲ. ಹಾಗಂತ ಮೊಮ್ಮಗಳು ಸುಳ್ಳು ಹೇಳಿದಳೇ? ಇಲ್ಲ. ಅಜ್ಜಿಗೆ ತಿಳಿಯುವ ಭಾಷೆಯಲ್ಲಿ ನಿಜವನ್ನೇ ಹೇಳಿದಳು.

ಹಾಗಾದರೆ ಸುಳ್ಳು ಎಲ್ಲಿ ಹುಟ್ಟುತ್ತದೆ? ಒಂದು ಬೆಳಕಿನ ಚಿತ್ರವನ್ನು ಹಿಡಿದು 'ಆಂಡ್ರೊಮಿಡಾ ಅಂದರೆ ಇಷ್ಟೇ' ಎಂದಾಗ. ಪ್ರತಿಯೊಂದು ಚಿತ್ರವೂ ನಿಜ, ಯಾವುದೂ ಪೂರ್ತಿಯಲ್ಲ. ಈ ತಿಂಗಳು ನಾನು ನಿಮಗೆ ಹೇಳಬೇಕೆಂದಿರುವ ಮಾತು ಇದೊಂದೇ.

ದೂರ ನಿಂತ ಮೂವರು, ಮುಂದಿನ ಬೆಂಚಿನ ಮನೆ

ಇನ್ನೊಂದು ಉದಾಹರಣೆ ಕೇಳಿ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1 ಕೋಟಿ 20 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಎಂ-81, ಎಂ-82 ಎಂಬ ಎರಡು ಗೆಲಾಕ್ಸಿಗಳಿವೆ. ಪಕ್ಕದಲ್ಲಿ ಇನ್ನೊಂದು ಚಿಕ್ಕದು. ಕಾಣುವ ಬೆಳಕಿನಲ್ಲಿ ಮೂರೂ ಬೇರೆ ಬೇರೆ. ನಡುವೆ ಬರೀ ಕತ್ತಲು. ಅಮೆರಿಕದ ರೇಡಿಯೋ ದೂರದರ್ಶಕದಿಂದ ಜಲಜನಕದ ನಕ್ಷೆ ತೆಗೆದು 1994ರಲ್ಲಿ ಪ್ರಕಟಿಸಿದಾಗ ಬೇರೆಯೇ ಚಿತ್ರ ಕಂಡಿತು. ಮೂರರ ನಡುವೆಯೂ ಅನಿಲದ ಉದ್ದ ಸೇತುವೆಗಳು! ಹಿಂದೊಮ್ಮೆ ತೀರ ಹತ್ತಿರ ಹಾದುಹೋದಾಗ ಒಂದನ್ನೊಂದು ಎಳೆದುಕೊಂಡ ನಂಟು ಇನ್ನೂ ಕಡಿದಿಲ್ಲ.

ಇದನ್ನು ಓದಿದಾಗ ನನಗೆ ಒಂದು ಧರ್ಮಕೇಂದ್ರದ ಅಣ್ಣತಮ್ಮಂದಿರು ನೆನಪಾದರು. ಎದುರುಬದುರು ಮನೆ. ಭಾಗ ಆದಾಗ ಬಾವಿ ಯಾರದು ಎಂದು ಜಗಳ. ಒಂಬತ್ತು ವರ್ಷ ಮಾತಿಲ್ಲ. ಅಣ್ಣ ಬೆಳಗಿನ ಮೊದಲ ಬಲಿಪೂಜೆಗೆ ಬಂದರೆ ತಮ್ಮ ಎರಡನೆಯದಕ್ಕೆ. "ಅವರಿಬ್ಬರೂ ಸೇರೋ ಮಾತೇ ಇಲ್ಲ ಫಾದರ್, ಸುಮ್ಮನೆ ಬಿಟ್ಟುಬಿಡಿ" ಎಂದು ಊರಿನ ಹಿರಿಯರೇ ಹೇಳಿದ್ದರು. ಮನೆ ಆಶೀರ್ವಾದಕ್ಕೆ ತಮ್ಮನ ಮನೆಗೆ ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಕಂಡಿತು. ಅದರ ಮೇಲೆ ಕೊರೆಸಿದ್ದ ಹೆಸರು ಅಣ್ಣನದು! ನಾನು ನೋಡಿದ್ದನ್ನು ಆ ಮನೆಯಾಕೆ ನೋಡಿದರು. "ಅಕ್ಕ ಮಕ್ಕಳ ಕೈಲಿ ಸಾರು ಕಳಿಸಿದ್ರು ಫಾದರ್. ನಾಳೆ ನಾನು ಏನಾದ್ರೂ ಹಾಕಿ ಕಳಿಸ್ಬೇಕು. ಖಾಲಿ ಡಬ್ಬಿ ವಾಪಸ್ ಕೊಡಬಾರದಲ್ವಾ" ಎಂದರು. ಯಜಮಾನರಿಗೆ ಗೊತ್ತೇ ಎಂದು ಕೇಳುವ ಮೊದಲೇ ಅವರು ಹಜಾರದಿಂದ ಹೇಳಿದರು: "ಗೊತ್ತು ಫಾದರ್. ತಿಂದವನು ನಾನೇ ಅಲ್ಲವಾ!"

ಬಾವಿಯ ವ್ಯಾಜ್ಯ ಮುಗಿಯಲು ಅದಾದ ಮೇಲೂ ಎರಡು ವರ್ಷ ಹಿಡಿಯಿತು. ಆದರೆ ಸಂಧಾನಕ್ಕೆ ಕೂತಾಗ ನಾವು ಶುರು ಮಾಡಿದ್ದು ಬಾವಿಯಿಂದಲ್ಲ, ಆ ಡಬ್ಬಿಯಿಂದ. ಊರಿನ ಕಣ್ಣಿಗೆ ಕಂಡದ್ದು ಗೋಡೆ. ಅದು ನಿಜವೇ. ಗೋಡೆಯ ಹಿಂದೆ ಓಡಾಡುತ್ತಿದ್ದ ಡಬ್ಬಿಯೂ ಅಷ್ಟೇ ನಿಜ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅದೇ ಎಂ-82 ಗೆಲಾಕ್ಸಿ ಕಾಣುವ ಬೆಳಕಿನಲ್ಲಿ ಹೆಚ್ಚು ಕಡಿಮೆ ಒಂದು ತೆಳು ಗೀಟು, ನೆಟ್ಟಗೆ, ಶಾಂತವಾಗಿ. ಅವಕೆಂಪಿನಲ್ಲಿ ನೋಡಿದರೆ ನಡುವೆ ಬೆಂಕಿಯ ಕುಲುಮೆ. ನಮ್ಮ ಆಕಾಶಗಂಗೆಗಿಂತ ಸುಮಾರು ಹತ್ತು ಪಟ್ಟು ವೇಗದಲ್ಲಿ ಅಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ, ಸಿಡಿಯುತ್ತಿವೆ. ಎಕ್ಸ್-ರೇಯಲ್ಲಿ ನೋಡಿದರೆ ಲಕ್ಷಾಂತರ ಡಿಗ್ರಿ ಬಿಸಿಯಾದ ಅನಿಲ ಮೇಲಕ್ಕೂ ಕೆಳಕ್ಕೂ ಹೊರಚಿಮ್ಮುತ್ತಿದೆ.

ನಮ್ಮ ದೇವಾಲಯದ ಮುಂದಿನ ಬೆಂಚಿನಲ್ಲಿ ಕೂರುವ ಮನೆಗಳೂ ಕೆಲವೊಮ್ಮೆ ಹೀಗೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಜಪಸರ, ಹಬ್ಬಕ್ಕೆ ದೊಡ್ಡ ಕಾಣಿಕೆ. ಒಳಗೆ ಕುಡಿತ, ಹೊಡೆತ, ಬಾಯಿಬಿಡದ ಅಳು. ಆ ಮನೆಯ ಹೆಣ್ಣುಮಗಳು ಒಂದು ದಿನ ಧೈರ್ಯ ಮಾಡಿ ಹೇಳಿಕೊಂಡಾಗ 'ಅಂಥ ಒಳ್ಳೆಯ ಮನುಷ್ಯರು, ನೀನೇ ಸ್ವಲ್ಪ ಸಹಿಸಿಕೊಳ್ಳಮ್ಮ' ಎಂದು ಹೇಳಿ ಕಳುಹಿಸಬೇಡಿ. ಒಂದು ಬೆಳಕಿನಲ್ಲಿ ಕಂಡ ಒಳ್ಳೆಯತನವನ್ನು ತೋರಿಸಿ ಇನ್ನೊಂದು ಬೆಳಕಿನಲ್ಲಿ ಕಂಡ ಗಾಯವನ್ನು ಮುಚ್ಚಬೇಡಿ. ಮೂಳೆ ಮುರಿದಿದ್ದರೆ ಅದು ಕೂಡಬೇಕಾದರೆ ಮೊದಲು ಎಕ್ಸ್-ರೇಯನ್ನು ನಂಬಬೇಕು. ಅಂಥ ಮನೆಯಲ್ಲಿ ಮೊದಲು ಆ ತಾಯಿಯ, ಮಕ್ಕಳ ರಕ್ಷಣೆ. ಮಿಕ್ಕ ಮಾತೆಲ್ಲಾ ಆಮೇಲೆ.

ಹಾಗೆಯೇ ಅಂಕಪಟ್ಟಿಯೊಂದರಿಂದಲೇ ಮಗನನ್ನು ಅಳೆಯುವ ತಂದೆಗೂ, ಬಲಿಪೂಜೆಗೆ ಬರಲಿಲ್ಲ ಎಂಬ ಒಂದೇ ಲೆಕ್ಕದಿಂದ ಯುವಕನನ್ನು ಬರೆದುಹಾಕುವ ನಮಗೂ ಆಂಡ್ರೊಮಿಡಾ ಪಾಠ ಹೇಳುತ್ತದೆ. ಕಪ್ಪಾಗಿ ಕಂಡ ಪಟ್ಟಿಯಲ್ಲೇ ಹೊಸ ನಕ್ಷತ್ರ ಹುಟ್ಟುತ್ತಿರಬಹುದು.

ಎರಡನೆಯ ಸಲ ಮುಟ್ಟಿದ ಕೈ

ಮಾರ್ಕನ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನ ಪ್ರಸಂಗ ಬರುತ್ತದೆ. ಯೇಸುಸ್ವಾಮಿ ಅವನನ್ನು ಮುಟ್ಟಿ, ಏನಾದರೂ ಕಾಣುತ್ತದೆಯೇ ಎಂದು ಕೇಳುತ್ತಾರೆ. ಅವನಿಗೆ ಜನರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ. ಆಗ ಪ್ರಭು ಇನ್ನೊಮ್ಮೆ ಕೈಯಿಡುತ್ತಾರೆ. ಆಮೇಲೆ ಎಲ್ಲವೂ ನಿಚ್ಚಳ. ಒಂದೇ ಸಲಕ್ಕೆ ಗುಣಪಡಿಸಲು ಅವರಿಗೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ಆ ಮನುಷ್ಯನ ಪ್ರಾಮಾಣಿಕತೆ ನೋಡಿ. 'ಕಂಡಿತು ಸ್ವಾಮಿ, ಸಾಕು' ಎಂದು ಎದ್ದು ಹೋಗಲಿಲ್ಲ. ಇನ್ನೂ ಸರಿಯಾಗಿ ಕಾಣುತ್ತಿಲ್ಲ ಎಂದು ಒಪ್ಪಿಕೊಂಡ. ಹಾಗೆ ಒಪ್ಪಿಕೊಂಡವನಿಗೆ ಎರಡನೆಯ ಸ್ಪರ್ಶ ಸಿಕ್ಕಿತು. ನಮ್ಮಲ್ಲಿ ಅನೇಕರು ಮನುಷ್ಯರನ್ನು ಮರಗಳಂತೆ ಕಂಡು, ಅದೇ ಪೂರ್ತಿ ದೃಷ್ಟಿ ಎಂದುಕೊಂಡು ಎದ್ದುಹೋಗುತ್ತೇವೆ.

ನಮ್ಮ ಧರ್ಮಸಭೆಯಲ್ಲಿ ಇನ್ನೊಂದು ಬೆಳಕಿಗಾಗಿ ಹಾತೊರೆದ ಯಾಜಕರೂ ಇದ್ದರು. ಯೇಸುಸಭೆಯ ಗುರು ಆಂಜೆಲೊ ಸೆಕ್ಕಿ (1818–1878) ರೋಮಿನ ಸಂತ ಇಗ್ನೇಷಿಯಸ್ ದೇವಾಲಯದ ಚಾವಣಿಯ ಮೇಲೆಯೇ ವೀಕ್ಷಣಾಲಯ ನಡೆಸಿದರು. ಸುಮಾರು 4000 ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿ, ಅವುಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಕೆಳಗೆ ಬಲಿಪೂಜೆ, ಮೇಲೆ ದೂರದರ್ಶಕ. ಎರಡಕ್ಕೂ ಜಗಳವಾಗಲಿಲ್ಲ. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ವ್ಯಾಟಿಕನ್ ವೀಕ್ಷಣಾಲಯವನ್ನು ಮತ್ತೆ ಸ್ಥಾಪಿಸಿದರು. ಇಂದು ಅಮೆರಿಕದ ಅರಿಜೋನಾದ ಬೆಟ್ಟದ ಮೇಲೆ ಅದಕ್ಕೆ 1.8 ಮೀಟರ್ ಕನ್ನಡಿಯ ದೂರದರ್ಶಕವಿದೆ.

ಒಂದು ಎಚ್ಚರಿಕೆಯೂ ಬೇಕು. ಆಂಡ್ರೊಮಿಡಾದ ಹೊರ ಅಂಚು ಎಷ್ಟು ವೇಗವಾಗಿ ಸುತ್ತುತ್ತದೆ ಎಂದು 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಅಳೆದರು. ಅಂಚಿಗೆ ಹೋದಂತೆ ವೇಗ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಕಂಡ ನಕ್ಷತ್ರ, ಅನಿಲ, ಧೂಳು ಎಲ್ಲ ಸೇರಿಸಿದರೂ ಅಷ್ಟು ವೇಗವನ್ನು ಹಿಡಿದಿಡಲು ತೂಕ ಸಾಲದು. ಇಂಥ ಅಳತೆಗಳಿಂದಲೇ ಯಾವ ಬೆಳಕಿನಲ್ಲೂ ಕಾಣದ ದ್ರವ್ಯವೊಂದು ಇರಬೇಕು ಎನ್ನುವ ತೀರ್ಮಾನ ಬೆಳೆಯಿತು. ಅದು ಏನೆಂದು ಇಂದಿಗೂ ಹುಡುಕುತ್ತಿದ್ದಾರೆ. 'ಕಾಣದ್ದು ಅಂದರೆ ದೇವರೇ' ಎಂದು ಹೇಳುವ ಆತುರ ನಮಗೆ ಬೇಡ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಯಾಜಕ ಜಾರ್ಜ್ ಲಮೇತ್ರ್ ತಮ್ಮ ವಿಜ್ಞಾನವನ್ನು ವಿಶ್ವಾಸಕ್ಕೆ ಪುರಾವೆ ಮಾಡಲು ಒಪ್ಪುತ್ತಿರಲಿಲ್ಲ. ವಿಜ್ಞಾನಕ್ಕೆ ಗೊತ್ತಿಲ್ಲದ ಮೂಲೆಯಲ್ಲಿ ನಮ್ಮ ದೇವರು ಅಡಗಿ ಕುಳಿತಿಲ್ಲ. ಕಂಡದ್ದಕ್ಕೂ ಕಾಣದ್ದಕ್ಕೂ ಅವರೇ ಒಡೆಯರು ಎಂದು ಪ್ರತಿ ಭಾನುವಾರ ವಿಶ್ವಾಸ ಪ್ರಕಟಣೆಯಲ್ಲಿ ಹೇಳುತ್ತೇವಲ್ಲ, ಅಷ್ಟು ಸಾಕು.

ಈ ತಿಂಗಳು ಎರಡು ಕೆಲಸ

ನವೆಂಬರ್ ನಮ್ಮ ಅಗಲಿದವರನ್ನು ನೆನೆಯುವ ತಿಂಗಳು. ಈ ತಿಂಗಳ ನಡುವೆ, ಮೋಡವಿಲ್ಲದ, ಚಂದ್ರನಿಲ್ಲದ ರಾತ್ರಿ ಒಂಬತ್ತರ ಸುಮಾರಿಗೆ ಮನೆಯ ದೀಪ ಆರಿಸಿ ಮಕ್ಕಳನ್ನು ಕರೆದುಕೊಂಡು ಅಂಗಳಕ್ಕೆ ಬನ್ನಿ. ಉತ್ತರಕ್ಕೆ ಮುಖ ಮಾಡಿ ನಿಂತು, ನೆತ್ತಿಗಿಂತ ಸ್ವಲ್ಪ ಕೆಳಗೆ ನೋಡಿ. ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ, ಉತ್ತರದಲ್ಲಿ ಇಂಗ್ಲಿಷಿನ ಎಂ ಅಕ್ಷರದಂಥ ಐದು ನಕ್ಷತ್ರ. ಇವೆರಡರ ನಡುವೆ ಮಂಜಿನ ಚುಕ್ಕೆಯೊಂದು ಕಂಡರೆ ಅದೇ ಆಂಡ್ರೊಮಿಡಾ. ಮಕ್ಕಳಿಗೆ ಹೇಳಿ: ಈ ಬೆಳಕು ಅಲ್ಲಿಂದ ಹೊರಟಾಗ ಈ ಬೆಟ್ಟದ ಮೇಲೆ ನಮ್ಮಂಥ ಮನುಷ್ಯರೇ ಇರಲಿಲ್ಲ.

ಎರಡನೆಯ ಕೆಲಸ ಸ್ವಲ್ಪ ಕಷ್ಟದ್ದು. 'ಇವನು ಇಷ್ಟೇ', 'ಅವಳು ಹಾಗೇ' ಎಂದು ನೀವು ಬಹಳ ಹಿಂದೆಯೇ ತೀರ್ಮಾನ ಮಾಡಿ ಮುಗಿಸಿರುವ ಒಬ್ಬರನ್ನು ಆರಿಸಿಕೊಳ್ಳಿ. ಮನೆಯೊಳಗಿನವರೇ ಆದರೆ ಒಳ್ಳೆಯದು. ಅವರನ್ನು ನೀವು ಇದುವರೆಗೆ ನೋಡದ ಒಂದು ಬೆಳಕಿನಲ್ಲಿ ನೋಡಿ. ಅವರ ಸ್ನೇಹಿತರನ್ನು ಕೇಳಿ, ಅವರ ಕೆಲಸದ ಜಾಗಕ್ಕೆ ಹೋಗಿ, ಅವರು ಸುಮ್ಮನಿರುವಾಗ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಗಾಯ ಕಂಡರೆ ಅಲ್ಲಗಳೆಯಬೇಡಿ. ಸೇತುವೆ ಕಂಡರೆ ಮುರಿಯಬೇಡಿ. ಏನೂ ಕಾಣದಿದ್ದರೆ, ಬೆತ್ಸಾಯಿದದ ಆ ಮನುಷ್ಯನಂತೆ, ಇನ್ನೊಮ್ಮೆ ನನ್ನ ಕಣ್ಣು ಮುಟ್ಟಿ ಸ್ವಾಮಿ ಎಂದು ಪ್ರಭುವನ್ನು ಕೇಳಿಕೊಳ್ಳಿ.

ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಹರಸಲಿ.